ಹಿಂದಕ್ಕೆ ಸರಿದ ಸೀಟು

"ಬುದ್ಧಿ, ಅಂಗಡಿಯನ್ನು ಅರ್ಧ ಬೆಲೆಗೆ ಕೇಳಿದ್ದಾರೆ. ನಾಳೆ ಮಾತು ಕೊಡಬೇಕು. ಕೊಟ್ಟುಬಿಡಲೇ?"

ಕೇಳಿದವನು ಕಬ್ಬಿಣದ ವ್ಯಾಪಾರಿ ಗುರುಶಾಂತಪ್ಪ. ನಡೆಯುವ ಅಂಗಡಿಯನ್ನು ಯಾಕೆ ಮಾರುತ್ತೀ ಎಂದರು ಮಠದ ಗುರುಗಳು.

"ಗುಮಾಸ್ತರ ಕಾಟ, ಬುದ್ಧಿ. ಇವನು ಮೂರನೆಯವನು. ಎಲ್ಲರೂ ಚುರುಕಿನವರೇ. ಗಿರಾಕಿಯ ಮುಂದೆ ಒಮ್ಮೊಮ್ಮೆ ಬಾಯಿ ಕಟ್ಟಿದವರ ಹಾಗೆ ನಿಂತುಬಿಡುತ್ತಾರೆ. ಅವರ ಬೆನ್ನಿಗೇ ಕುರ್ಚಿ ಹಾಕಿಕೊಂಡು ಕಾಯುತ್ತೇನೆ. ಆದರೂ ಕಾರಣ ಹೊಳೆದಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ಸಣ್ಣ ವಿಮಾನವೊಂದಿತ್ತು. ತಾನೇ ಹಾರಿಸುತ್ತಿದ್ದ. ಮೇಲೇರಿದ ಸ್ವಲ್ಪ ಹೊತ್ತಿಗೆ ಅದರ ರೇಡಿಯೋ ಸತ್ತುಹೋಗುತ್ತಿತ್ತು. ಇಳಿದು ನೋಡಿದರೆ ಏನೂ ಆಗದ ಹಾಗೆ ಮಾತಾಡುತ್ತಿತ್ತು. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ. ಇನ್ನೊಬ್ಬ ರೇಡಿಯೋವನ್ನೇ ಬದಲಿಸಿದ. ರೋಗ ಹೋಗಲಿಲ್ಲ. ನೆಲದವರ ಮಾತು ಕೇಳಿಸದ ವಿಮಾನದಲ್ಲಿ ಆಕಾಶಕ್ಕೆ ಹೋಗುವುದು ಪ್ರಾಣದ ಜೊತೆ ಆಟ. ವ್ಯಾಪಾರಿ ಅದನ್ನು ಬಂದಷ್ಟಕ್ಕೆ ಮಾರಲು ನಿಂತ.

ಕೊನೆಗೆ ಬಂದ ಮೆಕ್ಯಾನಿಕ್ ಯಾವುದನ್ನೂ ಬಿಚ್ಚಲಿಲ್ಲ. "ಯಜಮಾನರೇ, ಒಳಗೆ ಕೂತುಕೊಳ್ಳಿ" ಎಂದ.

"ಕೆಟ್ಟಿರುವುದು ವಿಮಾನ ಕಣಯ್ಯಾ, ನಾನಲ್ಲ!"

"ನೀವಿಲ್ಲದೆ ಅದೊಂದೇ ಹಾರುವುದಿಲ್ಲವಲ್ಲ. ಮೇಲೆ ಹೋದಾಗ ಏನೇನು ಮಾಡುತ್ತೀರೋ ಎಲ್ಲ ಮಾಡಿ."

ವ್ಯಾಪಾರಿ ನಗುತ್ತ ಕೂತ. ರೇಡಿಯೋ ಹಾಕಿದ. ವಿಮಾನ ಏರಿತೆಂದು ಭಾವಿಸಿ, ಕಾಲು ಚಾಚಲು ಸೀಟನ್ನು ಹಿಂದಕ್ಕೆ ತಳ್ಳಿದ. ರೇಡಿಯೋ ನಿಂತಿತು. ಇಳಿಯುವಾಗ ಮಾಡುವಂತೆ ಸೀಟನ್ನು ಮುಂದಕ್ಕೆ ಎಳೆದ. ಮತ್ತೆ ಮಾತಾಡಿತು. ಸೀಟಿನಡಿ ಹಾದುಹೋಗುವ ವೈರು ಒಳಗೇ ತುಂಡಾಗಿತ್ತು. ಸೀಟು ಹಿಂದಕ್ಕೆ ಬಂದು ಒತ್ತಿದರೆ ತುದಿಗಳು ಬಿಡುತ್ತಿದ್ದವು, ಮುಂದಕ್ಕೆ ಸರಿದರೆ ಕೂಡುತ್ತಿದ್ದವು. ಇಷ್ಟು ದಿನ ರಿಪೇರಿಯ ಹೊತ್ತಿಗೆಲ್ಲ ಯಜಮಾನ ಹೊರಗೆ ನೆರಳಲ್ಲಿ ನಿಂತಿರುತ್ತಿದ್ದ. ಅವನಿಗೆ ಬಂದು ಕೂರಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಗೇಣುದ್ದ ಹೊಸ ವೈರು ಹಾಕಿ, ಸೀಟಿಗೆ ತಗುಲದ ಹಾಗೆ ಕಟ್ಟಿದರು. ವ್ಯಾಪಾರಿ ಅದೇ ಸಂಜೆ ಊರ ಮೇಲೊಂದು ಸುತ್ತು ಹಾರಿ ಬಂದ. ಮಾರುವ ಮಾತು ಮತ್ತೆ ಎತ್ತಲಿಲ್ಲ.

ಗುರುಶಾಂತಪ್ಪನಿಗೆ ಕತೆ ಹಿಡಿಸಿತು. ಆದರೆ ವ್ಯಾಪಾರಿಯ ಬುದ್ಧಿ ಬಿಡಬೇಕಲ್ಲ.

"ಹಾಗಾದರೆ ಆ ಹೊಸ ಬ್ಯಾಟರಿ, ಹೊಸ ರೇಡಿಯೋ ಎರಡೂ ದಂಡವೇ ಆಯಿತಲ್ಲ, ಬುದ್ಧಿ?"

"ಅವನ ದಂಡ ಅವನಿಗಿರಲಿ, ನಿನಗೆ ಅಂಗಡಿಯೂ ಉಳಿಯಿತು, ಗುಮಾಸ್ತನೂ ಉಳಿದ, ಅವನ ಬೆನ್ನ ಹಿಂದಿನ ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದುಕೊ."