ಬೀರುವಿನಿಂದ ಹೊರಬಾರದ ಲೆನ್ಸು

ಅಂತರ್ಜಾಲದ ವಿಶ್ವಕೋಶಕ್ಕೆ ಫೋಟೊ ತೆಗೆಯುವ ಸ್ವಯಂಸೇವಕರಿಗೆ ಎರವಲು ಕೊಡಲೆಂದು ಒಂದು ಬೀರುವಿನಲ್ಲಿ ಎರಡು ಲೆನ್ಸುಗಳಿದ್ದವು. ಯಾರೇ ಬಾಗಿಲು ತೆರೆದರೂ ಹೊಸ ಲೆನ್ಸು ಹಿಂದಕ್ಕೆ ಸರಿಯುತ್ತಿತ್ತು, ಹಳೆಯದು ಹೊರಟುಬಿಡುತ್ತಿತ್ತು.

ಒಮ್ಮೆ ಹಳೆಯದು ಹಕ್ಕಿಗೂಡುಗಳ ಹಿಂದೆ ಅಲೆದು, ಮೈಯೆಲ್ಲ ಧೂಳಾಗಿ ಮರಳಿತು.

“ಮಾನ್ಯರೇ, ದೂರ ನಿಲ್ಲಿ,” ಎಂದಿತು ಹೊಸದು. “ನನ್ನ ಗಾಜಿಗೆ ಇನ್ನೂ ಬೆರಳಿನ ಗುರುತೂ ಬಿದ್ದಿಲ್ಲ.”

“ನಿಜ. ಆದರೆ ಕತ್ತಲಲ್ಲಿ ಕೂತು ಕೂತು ಒಳಗೆ ಬೂಸ್ಟು ಹಿಡಿಯುತ್ತಿದೆ, ನೋಡಿಕೊಳ್ಳಿ.”

ಹೊಸದು ಬೆಚ್ಚಿತು. “ಇದಕ್ಕೆ ಮದ್ದೇನು?”

“ಬಿಸಿಲು.”

ಮರುದಿನ ಸ್ವಯಂಸೇವಕಿ ಶಕೀಲಾ ಟೀಚರ್ ಬೀರು ತೆರೆದಾಗ ಹೊಸ ಲೆನ್ಸು ಬಾಗಿಲಲ್ಲೇ ಕಾದಿತ್ತು.

“ಎಲ್ಲಿಗೆ ಟೀಚರ್?”

“ಕೆರೆಗೆ. ಎಮ್ಮೆ ಮೈ ತೊಳೆಯುವ ಫೋಟೊ ಬೇಕು. ಕೆಸರು ಸಿಡಿಯುತ್ತೆ.”

“ಸಿಡಿಯಲಿ,” ಎಂದಿತು ಲೆನ್ಸು. “ಅಲ್ಲಿ ಬಿಸಿಲಿದೆ ತಾನೇ?”