ಎರಡು ಕಡೆ ಇಟ್ಟ ಸೊನ್ನೆ

"ಅಜ್ಜಾರೇ, ವಿದ್ಯೆ ಕೊಟ್ಟವರ ಮಾತನ್ನು ವಿದ್ಯೆ ಪಡೆದವನು ಮೀರುವುದು ಧರ್ಮವೇ?" ಎಂದು ನಾಗಲಿಂಗ ಕೇಳಿದ.

ನಾಗಲಿಂಗ ಪೇಟೆಯ ಕಾಲೇಜಿನಲ್ಲಿ ಮಾಹಿತಿ ತಂತ್ರಜ್ಞಾನ ನಿರ್ವಹಣೆ ಓದುತ್ತಿದ್ದ. ಅದು ಕೊನೆಯ ವರ್ಷ. ರಜೆ ಸಿಕ್ಕಾಗಲೆಲ್ಲ ಮಠಕ್ಕೆ ಬಂದು ಗುರುಗಳ ಹತ್ತಿರ ಕೂರುತ್ತಿದ್ದ. ಈ ಸಲ ರಜೆ ಇರಲಿಲ್ಲ. ಆದರೂ ಬಂದಿದ್ದ.

"ಯಾರ ಮಾತು?" ಎಂದರು ಗುರುಗಳು.

"ನಮ್ಮ ವಿಭಾಗದ ಸರ್ ಮಾತು. ಮುಂದಿನ ವಾರ ಕಾಲೇಜಿಗೆ ತಪಾಸಣೆಯವರು ಬರುತ್ತಾರೆ. ಏನು ಕೇಳಿದರೂ ಎಲ್ಲಾ ಸರಿಯಿದೆ ಅನ್ನಬೇಕಂತೆ. ಎಲ್ಲಾ ಸರಿಯಿಲ್ಲ, ಅಜ್ಜಾರೇ."

ಗುರುಗಳು ಇದಕ್ಕೆ ಒಂದು ಕತೆ ಹೇಳಿದರು.

ಒಂದು ಕಾಲೇಜು. ಅಲ್ಲಿ ಒಬ್ಬರು ಮೇಷ್ಟ್ರು, ಒಬ್ಬಳು ವಿದ್ಯಾರ್ಥಿನಿ. ನೀನು ಓದುವುದನ್ನೇ ಅವಳೂ ಓದುತ್ತಿದ್ದಳು. ಯಂತ್ರ ಮಾಡುವ ವಿದ್ಯೆಯಲ್ಲ, ಯಂತ್ರದೊಳಗೆ ಜನ ನಂಬಿ ಇಟ್ಟಿದ್ದನ್ನು ಕಾಯುವ ವಿದ್ಯೆ.

ಮೇಷ್ಟ್ರ ಪಾಠ ಚೆನ್ನಾಗಿತ್ತು. ಮೊದಲ ದಿನವೇ ಅವರು ಹಲಗೆಯ ಮೇಲೆ ಬರೆದಿದ್ದರು: ಮರಳಿ ತಂದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಯಂತ್ರದಲ್ಲಿರುವುದನ್ನು ಇನ್ನೊಂದು ಪೆಟ್ಟಿಗೆಗೆ ನಕಲು ಮಾಡಿಟ್ಟರೆ ಸಾಲದು. ಯಂತ್ರ ಸತ್ತರೆ ಆ ನಕಲಿನಿಂದ ಎಲ್ಲವೂ ಎದ್ದು ಬರುತ್ತದೆಯೇ ಎಂದು ಯಂತ್ರ ಬದುಕಿರುವಾಗಲೇ ನೋಡಿಕೊಳ್ಳಬೇಕು. ಈ ಮಾತು ಪ್ರತಿ ವರ್ಷವೂ ಪರೀಕ್ಷೆಗೆ ಬರುತ್ತಿತ್ತು. ಎಲ್ಲರೂ ಬರೆಯುತ್ತಿದ್ದರು, ಅಂಕ ಪಡೆಯುತ್ತಿದ್ದರು, ಮರೆಯುತ್ತಿದ್ದರು.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಕೊನೆಯ ವರ್ಷದವರಲ್ಲಿ ಒಬ್ಬರ ಕೈಗೆ ಸರ್ವರ್ ಕೋಣೆಯ ಬೀಗದ ಕೈ ಕೊಡುತ್ತಿದ್ದರು. ಕಲಿತಂತೆಯೂ ಆಯಿತು, ಕೆಲಸ ಆದಂತೆಯೂ ಆಯಿತು ಎಂದು. ಆ ವರ್ಷ ಅದು ಈ ಹುಡುಗಿಗೆ ಬಂತು. ಕಾಲೇಜಿನ ಎಲ್ಲ ಮಕ್ಕಳ ಅಂಕಗಳೂ ಆ ಕೋಣೆಯ ಒಂದು ಹಳೆಯ ಯಂತ್ರದಲ್ಲಿದ್ದವು. ಕಾಗದದಲ್ಲಿ ಬರೆದಿಡುವುದನ್ನು ಎಂದೋ ಹೆಮ್ಮೆಯಿಂದ ನಿಲ್ಲಿಸಿದ್ದರು. ಕರೆಂಟು ಹೋಗಿ ಬಂದಾಗಲೆಲ್ಲ ಆ ಯಂತ್ರ ಏಳಲೋ ಬೇಡವೋ ಎಂದು ಯೋಚನೆ ಮಾಡುತ್ತಿತ್ತು.

ಅವಳು ಮೇಷ್ಟ್ರ ಹತ್ತಿರ ಹೋದಳು.

"ಸರ್, ಒಂದು ಮಧ್ಯಾಹ್ನ ಕೊಡಿ. ಬ್ಯಾಕಪ್ ಎದ್ದು ಬರುತ್ತಾ ನೋಡ್ತೀನಿ."

"ಬರದಿದ್ರೆ?"

"ಬರದಿದ್ರೆ ಗೊತ್ತಾಗುತ್ತೆ ಸರ್."

"ಅದೇ ಬೇಡ ಅಂತಿರೋದು ಕಣಮ್ಮಾ. ಗೊತ್ತಾದ್ರೆ ಯಾರಾದ್ರೂ ಜವಾಬು ಹೇಳಬೇಕು. ಗೊತ್ತಾಗದಿದ್ರೆ ಯಾರೂ ಹೇಳಬೇಕಾಗಿಲ್ಲ. ನೆಮ್ಮದಿಯಾಗಿ ಮಲಗಿರೋದನ್ನ ಯಾಕೆ ಎಬ್ಬಿಸ್ತೀಯಾ?"

ಅವಳು ಮತ್ತೆ ಹೋಗಿ ಕೇಳಿದಳು. ಮೇಷ್ಟ್ರು, "ನಿನ್ನ ಇಂಟರ್ನಲ್ ಅಂಕ ಇನ್ನೂ ನನ್ನ ಕೈಲಿದೆ, ನೆನಪಿರಲಿ" ಎಂದರು. ಅವಳಿಗೆ ನೆನಪಿತ್ತು. ಫೇಲಾದರೆ ಇನ್ನೊಂದು ವರ್ಷ ಓದಿಸುವುದಿಲ್ಲ ಎಂದು ಮನೆಯವರು ಮೊದಲೇ ಹೇಳಿಬಿಟ್ಟಿದ್ದರು.

ತಪಾಸಣೆಯ ದಿನ ಬಂತು. ಗೇಟಿಗೆ ರಂಗೋಲಿ, ಒಡೆದ ಕಿಟಕಿಗಳಿಗೆ ಹೊಸ ಪರದೆ, ತಟ್ಟೆಯಲ್ಲಿ ಮಡಿಸಿಟ್ಟ ಶಾಲು. ಹುಡುಗಿಗೆ ಸೀರೆ ಉಡಿಸಿ ಸರ್ವರ್ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಏನು ಕೇಳಿದರೂ 'ಯೆಸ್ ಸರ್' ಅನ್ನು, ಮುಗೀತು ಎಂದರು.

ತಂಡದ ಹಿರಿಯರು ಎಳನೀರು ಹಿಡಿದುಕೊಂಡೇ ಬಂದರು. ಕೋಣೆಯೊಳಗೆ ಇಣುಕಿದರು. ಹೊರಡಲು ಅರ್ಧ ತಿರುಗಿ, ಕೇಳಬೇಕಲ್ಲ ಎಂದು ಕೇಳಿದರು.

"ಬ್ಯಾಕಪ್ ಎಲ್ಲಾ ಟೆಸ್ಟ್ ಆಗಿದೆಯಲ್ಲಮ್ಮಾ?"

"ಇಲ್ಲ ಸರ್. ಈಗ ಮಾಡೋಣ, ಕೂತ್ಕೊಳ್ಳಿ."

ಮೇಷ್ಟ್ರು ಜೋರಾಗಿ ನಕ್ಕರು. "ನಮ್ಮ ಹುಡುಗಿಗೆ ತಮಾಷೆ ಸ್ವಲ್ಪ ಜಾಸ್ತಿ ಸರ್. ಊಟಕ್ಕೆ ಹೋಗೋಣ, ಹೋಳಿಗೆ ಆರುತ್ತೆ."

ಅಷ್ಟರಲ್ಲಿ ಅವಳು ಕುರ್ಚಿ ಎಳೆದಾಗಿತ್ತು. ಹಳೆಯ ಯಂತ್ರವನ್ನು ಅವಳು ಮುಟ್ಟಲಿಲ್ಲ. ಪಕ್ಕದಲ್ಲಿ ಖಾಲಿ ಇದ್ದ ಇನ್ನೊಂದು ಯಂತ್ರದಲ್ಲಿ ಬ್ಯಾಕಪ್ಪನ್ನು ತೆರೆದಳು. ಯಂತ್ರದ ಪರದೆಯ ಮೇಲೆ ಒಂದು ಶಾಲಿನ ಫೋಟೋ ಬಂತು. ಅದರ ಹಿಂದೆ ಇನ್ನೊಂದು ಶಾಲು. ಹಣ್ಣಿನ ಬುಟ್ಟಿ. ಪ್ರಾಂಶುಪಾಲರು ದೀಪ ಹಚ್ಚುತ್ತಿದ್ದರು. ಮುಂದಿನ ಚಿತ್ರದಲ್ಲಿಯೂ ಅದೇ ದೀಪ ಹಚ್ಚುತ್ತಿದ್ದರು.

ನಡೆದದ್ದು ಇಷ್ಟೇ. ಹಿಂದೆ ಒಂದು ಸಲ ಪ್ರಾಂಶುಪಾಲರು, ವಾರ್ಷಿಕೋತ್ಸವದ ಫೋಟೋ ಒಂದೂ ಹೋಗಬಾರದು ಎಂದಿದ್ದರು. ಯಾರೋ ಹೋಗಿ ಬ್ಯಾಕಪ್ಪನ್ನು ಅಂಕಗಳ ಕಡೆಯಿಂದ ಫೋಟೋಗಳ ಕಡೆಗೆ ತಿರುಗಿಸಿದರು. ಮರಳಿ ತಿರುಗಿಸಲಿಲ್ಲ. ಅಂದಿನಿಂದ ಅದು ನಿಷ್ಠೆಯಿಂದ ದಿನವೂ ಶಾಲುಗಳನ್ನೇ ಕಾಪಾಡುತ್ತ ಬಂದಿತ್ತು.

"ಮಕ್ಕಳ ಅಂಕ ಎಲ್ಲಿದೆ?" ಎಂದರು ಹಿರಿಯರು.

"ಆ ಹಳೇ ಯಂತ್ರದಲ್ಲಿ ಮಾತ್ರ ಸರ್. ಅದು ಹೋದ್ರೆ ಈ ಕಾಲೇಜಲ್ಲಿ ಯಾರೂ ಓದೇ ಇಲ್ಲ."

ಹಿರಿಯರು ಎಳನೀರನ್ನು ಕೆಳಗಿಟ್ಟರು. ಆ ದಿನ ಊಟವೂ ಆಗಲಿಲ್ಲ, ಶಾಲೂ ಹೊದಿಸಲಿಲ್ಲ. ತಂಡದವರು ಕಾರು ಹತ್ತಿ ಹೋದರು.

ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು. ಉಳಿದ ಮೇಷ್ಟ್ರುಗಳೂ ಅಲ್ಲೇ ಇದ್ದರು. ಎಲ್ಲರೂ ತಮ್ಮ ತಮ್ಮ ಟೀ ಲೋಟದೊಳಗೆ ನೋಡುತ್ತಿದ್ದರು.

"ಕಾಲೇಜಿನ ಮಾನ ತೆಗೆದೆಯಲ್ಲಾ! ನಾನೇ ಕಲಿಸಿ ನಾನೇ ಅನುಭವಿಸೋ ಹಾಗಾಯ್ತು. ನಡೆ, ಪ್ರಾಂಶುಪಾಲರ ಮುಂದೆ ತಪ್ಪಾಯ್ತು ಅನ್ನು. ಬಿಟ್ಟುಬಿಡ್ತೀನಿ. ಇಲ್ಲಾಂದ್ರೆ ಇಂಟರ್ನಲ್‌ಗೆ ಸೊನ್ನೆ ಹಾಕ್ತೀನಿ."

"ತಪ್ಪಾಗಿದೆ ಸರ್. ನಂದಲ್ಲ."

"ಸೊನ್ನೆ ಅಂದೆ. ಕೇಳಿಸ್ತಾ?"

"ಕೇಳಿಸ್ತು ಸರ್. ಹಾಕಿ. ಆದ್ರೆ ಮೊದಲು ಎಲ್ಲರ ಅಂಕ ಎರಡು ಕಡೆ ಇಡ್ತೀನಿ. ಆಮೇಲೆ ನನ್ನ ಸೊನ್ನೆ ಹಾಕಿ. ಅದೂ ಎರಡು ಕಡೆ ಭದ್ರವಾಗಿರಲಿ."

ಟೀ ಲೋಟದೊಳಗಿಂದ ಯಾರೋ ಕೆಮ್ಮಿದರು. ಮೇಷ್ಟ್ರು ಬೀಗದ ಕೈಗಾಗಿ ಕೈ ಚಾಚಿದರು. ಅವಳು ಕೊಡಲಿಲ್ಲ. ಸೀದಾ ಸರ್ವರ್ ಕೋಣೆಗೆ ನಡೆದಳು. ಮೇಷ್ಟ್ರು ಹಿಂದೆಯೇ ಬಂದರು. ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ತಡೆಯಲೂ ಇಲ್ಲ. ಹಲಗೆಯ ಮೇಲೆ ತಾವು ಬರೆದದ್ದನ್ನು ಒಬ್ಬರು ಕೈಯಾರೆ ಮಾಡುವುದನ್ನು ಅವರು ಎಂದೂ ನೋಡಿರಲಿಲ್ಲ.

ಅವಳು ದಿನದ ಬ್ಯಾಕಪ್ಪನ್ನು ಮತ್ತೆ ಅಂಕಗಳ ಕಡೆಗೆ ತಿರುಗಿಸಿ, ಅಂಕಗಳನ್ನು ನಕಲು ಮಾಡಿದಳು. ಆ ನಕಲನ್ನು ಖಾಲಿ ಯಂತ್ರದಲ್ಲಿ ಎಬ್ಬಿಸಿದಳು. ಎದ್ದು ಬಂತು. ಬಂದಿದೆ ಎಂದು ನಂಬಿ ಕೂರಲಿಲ್ಲ, ಒಬ್ಬೊಬ್ಬರ ಹೆಸರನ್ನೂ ತೆರೆದು ನೋಡಿದಳು. ತನ್ನೊಡನೆ ಜಗಳವಾಡಿದವರ ಹೆಸರನ್ನೂ ನೋಡಿದಳು. ಎಲ್ಲರೂ ಇದ್ದರು.

ಆಮೇಲೆ ಕುರ್ಚಿಯಿಂದ ಎದ್ದು, ಸೀರೆಯ ಸೆರಗಿನಿಂದ ಅದರ ಧೂಳು ಒರೆಸಿದಳು.

"ಈಗ ಕೂತ್ಕೊಳ್ಳಿ ಸರ್. ನನ್ನ ಹೆಸರು ಕೊನೇಲಿದೆ."

ಮೇಷ್ಟ್ರು ಒಳಗೆ ಬಂದು ಕೂತರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮಠದ ಅಂಗಳದಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ನಾಗಲಿಂಗ ಮುಂದಿನ ಮಾತಿಗೆ ಕಾದ. ಗುರುಗಳು ಮುಂದುವರಿಸುವ ಹಾಗೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ? ಅವಳು ಪಾಸಾದಳೇ, ಅಜ್ಜಾರೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಾಗಲಿಂಗ, ನೀನು ಇಷ್ಟು ದೂರ ಬಂದದ್ದು ಈ ಪಾಸಾಗುವ ಪ್ರಶ್ನೆ ಕೇಳುವುದಕ್ಕೇ. ಧರ್ಮದ ಮಾತು ಬರೀ ದಾರಿಗೆ ತಂದ ನೆಪ."