ಆರದ ಆವಿಗೆ

“ಗುರುಗಳೇ, ನನ್ನ ಕೆಲಸ ಕೆಡಿಸುತ್ತಿರುವವರು ಯಾರು?” ಎಂದು ಶಿಷ್ಯ ಅಡಿವೆಪ್ಪ ಕೇಳಿದ. “ಮೂರು ಸಲ ಅಂಗಡಿ ಇಟ್ಟೆ. ಗಿರಾಕಿ ಕೂಡುವ ಹೊತ್ತಿಗೆ ಸರಿಯಾಗಿ ಏನಾದರೊಂದು ಎಡವಟ್ಟು ಮಾಡಿಕೊಂಡು ಮುಚ್ಚಿದೆ. ಮಾಡುವಾಗಲೇ ಅದು ಎಡವಟ್ಟೆಂದು ನನಗೆ ಗೊತ್ತಿರುತ್ತದೆ. ನಾಳೆ ನಾಲ್ಕನೆಯದನ್ನು ತೆರೆಯಬೇಕು.”

“ಒಳ್ಳೆಯ ಹೊತ್ತಿಗೆ ಕೇಳಿದೆ, ಕೂಡು” ಎಂದು ಗುರುಗಳು ಹುರುಪಿನಿಂದ ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಅವನ ತಂದೆ ಮಾಡುತ್ತಿದ್ದ ನೀರಿನ ಹರವಿಗಳಿಗೆ ಸುತ್ತ ಹತ್ತೂರಲ್ಲಿ ಹೆಸರಿತ್ತು. ಮಗನೂ ಮಣ್ಣು ಬಲ್ಲವನೇ. ಆದರೆ ಹರವಿಗಳನ್ನು ಒಟ್ಟಿ ಮಣ್ಣು ಮುಚ್ಚಿ ಆವಿಗೆ ಸುಟ್ಟ ಮೇಲೆ ಎರಡು ದಿನ ಆರಲು ಬಿಡಬೇಕಲ್ಲ, ಅದು ಅವನಿಂದ ಆಗುತ್ತಿರಲಿಲ್ಲ. ಮರುದಿನವೇ ಕೋಲು ಹಿಡಿದು ಮೇಲಿನ ಮಣ್ಣು ಕೆದರಿ ಇಣುಕುವನು. ತಣ್ಣನೆಯ ಗಾಳಿ ಒಳಗೆ ನುಗ್ಗಿ ಹರವಿಗಳೆಲ್ಲ ಸೀಳುವವು. “ಪಾಪ, ನಸೀಬು ಸರಿಯಿಲ್ಲ. ಇಲ್ಲದಿದ್ದರೆ ಅಪ್ಪನನ್ನೇ ಮೀರಿಸುತ್ತಿದ್ದ” ಎಂದು ಊರವರು ಮರುಗುವರು.

ಒಮ್ಮೆ ಮಠದಿಂದ ದಾಸೋಹಕ್ಕೆ ನೂರು ಹರವಿ ಬೇಕೆಂದು ಹೇಳಿಕೆ ಬಂತು. “ಇವೂ ಒಡೆದರೆ ಮುಂದೆ ಬೇರೆ ಊರಿನ ಕುಂಬಾರನನ್ನೇ ಕರೆಯುತ್ತೇವೆ” ಎಂದೂ ಹೇಳಿ ಕಳಿಸಿದ್ದರು. ಕುಂಬಾರ ವಾರಗಟ್ಟಲೆ ದುಡಿದು ನೂರನ್ನೂ ಮಾಡಿ ಒಣಗಿಸಿದ. ಶಿವನ ಹೆಸರು ಹೇಳಿ ಆವಿಗೆಗೆ ಬೆಂಕಿ ಕೊಟ್ಟ. ಮರುದಿನ ಮತ್ತೆ ಕೋಲು ಹಿಡಿದ.

ಹೆಂಡತಿ ಅಡ್ಡ ನಿಂತಳು. “ಇವತ್ತು ಕೆದರಿದರೆ ಒಡೆಯುತ್ತವೆ ಎಂದು ನಿಮಗೆ ಗೊತ್ತಿಲ್ಲವೇ?”

“ಗೊತ್ತು” ಎಂದುಬಿಟ್ಟ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದ.

“ಹರವಿ ಒಡೆದ ದಿನವೆಲ್ಲ ನೀವು ಎರಡು ರೊಟ್ಟಿ ಹೆಚ್ಚು ತಿಂದು ಗೊರಕೆ ಹೊಡೆಯುತ್ತೀರಿ. ನಾನೇನು ಕುರುಡಿಯೇ? ಒಡೆದರೆ ನಸೀಬಿನ ಮೇಲೆ ಹಾಕಬಹುದು. ಉಳಿದರೆ ಜನ ನಿಮ್ಮ ಕೈಯನ್ನು ಅಪ್ಪನ ಕೈಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಆ ಅಂಜಿಕೆಗೇ ಅಲ್ಲವೇ ಈ ಕೋಲು?”

ಕುಂಬಾರ ಕೋಲನ್ನು ಅವಳ ಕೈಗೆ ಕೊಟ್ಟು, ಮುಂದಿನ ಆವಿಗೆಯ ಮಣ್ಣಿಗೆ ನೀರು ಹಾಕಿ ತುಳಿಯತೊಡಗಿದ. ಕಾಲು ಆವಿಗೆಯ ಕಡೆಗೆ ಎಳೆದಾಗಲೆಲ್ಲ ಇನ್ನಷ್ಟು ಜೋರಾಗಿ ತುಳಿದ.

ಎರಡು ದಿನ ಕಳೆಯಿತು. ಬೆಳಗಾಗುತ್ತಲೇ ಓಣಿಯೆಲ್ಲ ಬಂದು ನೆರೆಯಿತು. ಕುಂಬಾರ ಮೊದಲ ಹರವಿ ತೆಗೆದು ಬೆರಳ ಗೆಣ್ಣಿನಿಂದ ಬಡಿದ. ಠಣ್! ಎರಡನೆಯದು, ಠಣ್! ಹತ್ತು, ಇಪ್ಪತ್ತು, ಐವತ್ತು! ಕೇಳಿದವರೆಲ್ಲ ಕುಣಿದರು. ಒಂದೆರಡರ ಬಾಯಿ ಸೊಟ್ಟಗಿತ್ತು, ಒಂದರ ಹೊಟ್ಟೆ ಕಪ್ಪಾಗಿತ್ತು. ಒಡೆದದ್ದು ಒಂದೂ ಇಲ್ಲ! ಮಠದ ಗಾಡಿ ಓಣಿ ದಾಟುವಷ್ಟರಲ್ಲಿ ಅವನು ಮತ್ತೆ ತಿಗರಿ ತಿರುಗಿಸುತ್ತ ಕೂತಿದ್ದ.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಅವು ಅಪ್ಪನ ಹರವಿಗಳಿಗಿಂತ ಚೆನ್ನಾಗಿದ್ದವೇ?”

ಗುರುಗಳು ನಕ್ಕರು. “ಅದನ್ನು ಕೇಳಲು ಅವನಿಗೆ ಬಿಡುವಿರಲಿಲ್ಲ, ಅಡಿವೆಪ್ಪ. ಕೇಳುತ್ತಿರುವವನು ನೀನು.”